ಬೀಡಿನ ಪಾತ್ರೆಯ ಮೀಮಾಂಸೆ

ಅಕ್ಕನ ಮಗ ಅಮೆರಿಕದ ಕೆಲಸ ಬಿಟ್ಟು ಊರಿಗೆ ಮರಳುವಾಗ ಅಲ್ಲಿ ತಾನು ಬಳಸುತ್ತಿದ್ದ ಡಚ್ ಓವನ್ ಹೊತ್ತು ತಂದ. ಸುಮಾರು 5 ಲೀಟರ್ ಹಿಡಿಯುವ, ಮುಚ್ಚಳವೂ ಸೇರಿ 6 ಕೆ.ಜಿ. ಹತ್ತಿರ ತೂಗುವ ಕಪ್ಪು ಬೀಡಿನ ಪಾತ್ರೆ. ಬೆಂಗಳೂರಿನಲ್ಲಿ ಮನೆ ಸಿಗುವ ತನಕ ನಮ್ಮಲ್ಲೇ ಇರಲಿ ಎಂದು ಇಟ್ಟು ಹೋಗುವಾಗ ಹೇಳಿದ: “ಚಿಕ್ಕಮ್ಮಾ, ಇದಕ್ಕೆ ಸೋಪು ಹಾಕ್ಬೇಡಿ. ಹುಳಿ ಪದಾರ್ಥ ಮಾಡ್ಬೇಡಿ. ನೀರಲ್ಲಿ ನೆನೆಸಿಡ್ಬೇಡಿ. ತೊಳೆದ ಮೇಲೆ ಎಣ್ಣೆ ಸವರಿಡಿ.” ಒಲೆಯ ಪಕ್ಕ ಕೂತಿದ್ದ ಅಮ್ಮ ತಲೆಯೆತ್ತಿ, “ನಮ್ಮ ದೋಸೆ ಕಾವಲಿಗೂ ಇದೇ ಅಲ್ವೇನೋ” ಅಂದಳು.

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಒಬ್ಬರನ್ನೊಬ್ಬರು ಕಂಡು ಕೇಳಿರದ ಎರಡು ಅಡುಗೆಮನೆಗಳು ಒಂದೇ ಲೋಹದ ಬಗ್ಗೆ ಇವೇ ನಾಲ್ಕು ಮಾತಿಗೆ ಬಂದು ನಿಂತಿವೆ. ಕಾರಣವಿಲ್ಲದೆ ಹೀಗಾಗುವುದಿಲ್ಲ. ಆದರೆ ನಾಲ್ಕೂ ಒಂದೇ ತೂಕದ ಮಾತುಗಳೇ? ಎಲ್ಲ ಕಾಲಕ್ಕೂ ಎಲ್ಲ ಪಾತ್ರೆಗೂ ಸಲ್ಲುವವೇ? ಇದನ್ನು ವಿಚಾರಿಸಬೇಕೆನಿಸಿತು.

ವಿಚಾರದ ದಾರಿಯನ್ನು, ವೇದದ ವಿಧಿವಾಕ್ಯಗಳ ಅರ್ಥ ವಿಚಾರಿಸಿದ ಪೂರ್ವಮೀಮಾಂಸಕರಿಂದ ತೆಗೆದುಕೊಂಡಿದ್ದೇನೆ. ಯಜ್ಞಕ್ಕೆ ಭತ್ತ ಕುಟ್ಟಬೇಕೆಂಬ ವಿಧಿ ಇದೆ. ಏಕೆ ಕುಟ್ಟಬೇಕು ಎಂದು ಅವರು ಕೇಳುತ್ತಾರೆ. ಹೊಟ್ಟು ಬಿಡಿಸಲಿಕ್ಕೆ, ಅದು ಕಣ್ಣಿಗೆ ಕಾಣುವ ಪ್ರಯೋಜನ, ದೃಷ್ಟಾರ್ಥ. ಕಾಣುವ ಪ್ರಯೋಜನ ಇರುವಾಗ ಕಾಣದ ಇನ್ನೊಂದನ್ನು ಕಲ್ಪಿಸಿಕೊಳ್ಳುವುದು ಸರಿಯಲ್ಲ ಎಂಬುದು ಅವರ ನಿಲುವು. ಅಲ್ಲಿಗೇ ನಿಲ್ಲುವುದಿಲ್ಲ. ಇನ್ನೊಂದು ಯಜ್ಞದಲ್ಲಿ ಭತ್ತದ ಬದಲು ಗುಲಗಂಜಿ ತೂಕದ ಚಿನ್ನದ ಕಾಳುಗಳನ್ನು ಬೇಯಿಸಬೇಕಾಗಿ ಬರುತ್ತದೆ. ಅವನ್ನೂ ಕುಟ್ಟಬೇಕೆ? ಬೇಡ. ಚಿನ್ನಕ್ಕೆ ಹೊಟ್ಟಿಲ್ಲ, ಕಾರಣ ಇಲ್ಲದ ಕಡೆ ವಿಧಿಯೂ ಬಿದ್ದುಹೋಗುತ್ತದೆ. ಇದನ್ನು ಬಾಧ ಎನ್ನುತ್ತಾರೆ. ಬೀಡಿನ ಪಾತ್ರೆಯ ಪ್ರತಿಯೊಂದು ನಿಯಮಕ್ಕೂ ಕಣ್ಣಿಗೆ ಕಾಣುವ ಕಾರಣವಿದೆ, ಆ ಕಾರಣ ಎಲ್ಲಿಯವರೆಗೆ ಇದೆಯೋ ನಿಯಮವೂ ಅಲ್ಲಿಯವರೆಗೇ ನಡೆಯುತ್ತದೆ. ನಾನು ಸಾಧಿಸಬೇಕೆಂದಿರುವುದು ಇಷ್ಟು.

ಪಾತ್ರೆ ಯಾವುದು

ಮೊದಲು ವಸ್ತುನಿರ್ಣಯ. ಡಚ್ ಓವನ್ ಎಂದರೆ ದಪ್ಪ ಗೋಡೆಯ, ಬಿಗಿ ಮುಚ್ಚಳದ ಬೀಡುಕಬ್ಬಿಣದ ಪಾತ್ರೆ. ಇದರಲ್ಲಿ ಮೂರು ಬಗೆ. ಬಯಲಿನ ಬೆಂಕಿಗೆ ಮಾಡಿದ್ದಕ್ಕೆ ಮೂರು ಗಿಡ್ಡ ಕಾಲು, ಬಕೆಟ್ಟಿಗಿರುವಂಥ ತಂತಿಯ ಹಿಡಿ, ಕೆಂಡ ಜಾರಿ ಬೀಳದಂತೆ ಸುತ್ತ ಅಂಚು ಎದ್ದಿರುವ ಚಪ್ಪಟೆ ಮುಚ್ಚಳ ಇರುತ್ತವೆ. ಮನೆಯೊಲೆಗೆ ಮಾಡಿದ್ದಕ್ಕೆ ಸಪಾಟು ತಳ, ಉಬ್ಬಿದ ಮುಚ್ಚಳ. ಮೂರನೆಯದು ಒಳಗೂ ಹೊರಗೂ ಎನಾಮೆಲ್ ಹೊದ್ದದ್ದು; ಫ್ರಾನ್ಸಿನ ಲೆ ಕ್ರೂಸೆ ಕಂಪನಿ 1925ರಿಂದ ಮಾಡುತ್ತ ಬಂದಿರುವ ಬಣ್ಣದ ಪಾತ್ರೆಗಳು ಈ ಜಾತಿಯವು. ಇಲ್ಲಿನ ಚರ್ಚೆ ಹೆಚ್ಚಾಗಿ ಲೇಪವಿಲ್ಲದ ಮೊದಲೆರಡರದು.

ಇಂಗ್ಲೆಂಡಿನಲ್ಲಿ ರೂಪುಗೊಂಡ ಪಾತ್ರೆಗೆ ಡಚ್ಚರ ಹೆಸರು ಏಕೆ? ಹೆಚ್ಚಿನವರು ಒಪ್ಪುವ ವಿವರಣೆ ಇದು. ಬ್ರಿಸ್ಟಲ್‌ನಲ್ಲಿ ಹಿತ್ತಾಳೆ ಕೆಲಸ ಮಾಡುತ್ತಿದ್ದ ಅಬ್ರಹಾಂ ಡಾರ್ಬಿ 1704ರಲ್ಲಿ ಹಾಲೆಂಡಿಗೆ ಹೋಗಿ ಅಲ್ಲಿನವರು ಮರಳಿನ ಅಚ್ಚಿನಲ್ಲಿ ಹಿತ್ತಾಳೆ ಎರೆಯುವುದನ್ನು ನೋಡಿ ಬಂದ. ಅದೇ ಕ್ರಮದಲ್ಲಿ ಕಬ್ಬಿಣದ ಹೊಟ್ಟೆಪಾತ್ರೆಗಳನ್ನು ಎರೆಯುವ ವಿಧಾನಕ್ಕೆ 1707ರಲ್ಲಿ ಪೇಟೆಂಟ್ ಪಡೆದ. ಎರಡು ವರ್ಷದ ಮೇಲೆ, 1709ರಲ್ಲಿ, ಕೋಲ್‌ಬ್ರೂಕ್‌ಡೇಲ್‌ನಲ್ಲಿ ಇದ್ದಿಲಿನ ಬದಲು ಕೋಕ್ ಉರಿಸಿ ಕಬ್ಬಿಣ ಕರಗಿಸಿದ. ಕೈಗಾರಿಕಾ ಕ್ರಾಂತಿಯ ಇತಿಹಾಸದಲ್ಲಿ ಡಾರ್ಬಿಯ ಹೆಸರು ಕೋಕ್‌ಗಾಗಿ ಬರುತ್ತದೆ, ಆದರೆ ಅವನ ಕುಲುಮೆಯಿಂದ ಹೊರಬಿದ್ದ ಮುಖ್ಯ ಸರಕು ಅಡುಗೆಪಾತ್ರೆ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ನಮ್ಮ ಭದ್ರಾವತಿಯಲ್ಲಿ 1923ರಲ್ಲಿ ಕುಲುಮೆ ಹೊತ್ತಿದ್ದು ಹಳೆಯ ದಾರಿಯಲ್ಲೇ, ಮಲೆನಾಡಿನ ಕಾಡಿನ ಇದ್ದಿಲಿನಿಂದ. ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ.

ಈ ಪಾತ್ರೆ ವಲಸೆಗಾರರ ಜೊತೆ ಅಮೆರಿಕಕ್ಕೆ ಹೋಯಿತು. ಜಾರ್ಜ್ ವಾಷಿಂಗ್ಟನ್ನರ ತಾಯಿ ಮೇರಿ 1788ರಲ್ಲಿ ಬರೆಸಿದ ಉಯಿಲಿನಲ್ಲಿ ಅಡುಗೆಮನೆಯ ಕಬ್ಬಿಣದ ಸಾಮಾನಿನ ಅರ್ಧವನ್ನು ಮೊಮ್ಮಗನಿಗೆ ಬಿಟ್ಟರು. ಆಸ್ತಿಯೆಂದು ಹಂಚುವಷ್ಟು ಬೆಲೆ ಅದಕ್ಕಿತ್ತು. ಯೂಟಾ ರಾಜ್ಯ 1997ರಲ್ಲಿ ಡಚ್ ಓವನ್ ಅನ್ನು ತನ್ನ ಅಧಿಕೃತ ಪಾತ್ರೆಯೆಂದು ಘೋಷಿಸಿಕೊಂಡಿದೆ.

ಲೋಹದ ಬಗ್ಗೆ ಒಂದು ಮಾತು ಸಾಕು. ಬೀಡಿನಲ್ಲಿ ಶೇ. 2ರಿಂದ 4ರಷ್ಟು ಇಂಗಾಲ ಇರುತ್ತದೆ. ಆ ಇಂಗಾಲ ಲೋಹದೊಳಗೆ ಗ್ರಾಫೈಟಿನ ಸಣ್ಣ ಚಕ್ಕೆಗಳಾಗಿ ಹರಡಿಕೊಂಡಿರುತ್ತದೆ. ಸುತ್ತಿಗೆ ಏಟಿಗೆ ಉಕ್ಕು ಬಾಗಿದರೆ ಬೀಡು ಒಡೆಯುವುದು ಈ ಚಕ್ಕೆಗಳಿಂದ. ಕಾದ ಪಾತ್ರೆಗೆ ತಣ್ಣೀರು ಸುರಿಯಬಾರದು, ನೆಲಕ್ಕೆ ಬೀಳಿಸಬಾರದು ಎಂಬೆರಡು ಮಾತಿಗೆ ಕಾರಣವೂ ಇದೇ, ಅವಕ್ಕೆ ಅಪವಾದವಿಲ್ಲ.

ಇಷ್ಟು ಭಾರ ಏಕೆ

ಮೊದಲ ಆಕ್ಷೇಪ ಅಡುಗೆ ಬಲ್ಲವರದೇ. ಅಲ್ಯೂಮಿನಿಯಂ ಹಗುರ, ಅಗ್ಗ, ಶಾಖವನ್ನು ಬೀಡಿಗಿಂತ ನಾಲ್ಕು ಪಟ್ಟು ಚೆನ್ನಾಗಿ ಹರಿಸುತ್ತದೆ. ಪ್ರೆಶರ್ ಕುಕ್ಕರ್ ಬೇಳೆಯನ್ನು ಕಾಲುಗಂಟೆಯಲ್ಲಿ ಬೇಯಿಸಿ ಗ್ಯಾಸ್ ಉಳಿಸುತ್ತದೆ. ಆರು ಕೆ.ಜಿ. ಎತ್ತಿ ಇಳಿಸಿ ಮಣಿಕಟ್ಟು ನೋಯಿಸಿಕೊಳ್ಳುವುದು ಯಾವ ಲಾಭಕ್ಕೆ?

ಆಕ್ಷೇಪದ ಮೊದಲರ್ಧ ಪೂರ್ತಿ ನಿಜ. ಬೀಡು ಶಾಖ ಹರಿಸುವುದರಲ್ಲಿ ಮಂದ. ದೊಡ್ಡ ಉರಿಯಲ್ಲಿ ಕಾಯಿಸಿದರೆ ನಡುವೆ ಸೀದು ಅಂಚಿನಲ್ಲಿ ಹಸಿ ಉಳಿಯುತ್ತದೆ. ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಕಾಯಲು ಬಿಟ್ಟು ಆಮೇಲೆ ಅಡುಗೆ ಶುರು ಮಾಡಬೇಕೆಂಬುದು ಈ ದೋಷಕ್ಕೆ ಪರಿಹಾರ. ದೋಸೆ ಹೊಯ್ಯುವವರಿಗೆ ಇದು ಹೇಳಿಕೊಡಬೇಕಾದ ಮಾತಲ್ಲ. ಮೊದಲ ದೋಸೆ ಏಳದಿದ್ದರೆ ಕಾವಲಿ ಕಾದಿಲ್ಲ ಎಂದು ಮಕ್ಕಳೂ ಹೇಳುತ್ತಾರೆ.

ಆದರೆ ಶಾಖ ಹರಿಯುವುದು ಬೇರೆ, ಶಾಖ ನಿಲ್ಲುವುದು ಬೇರೆ. ಒಂದೇ ಅಳತೆಯ, ಒಂದೇ ದಪ್ಪದ ಎರಡು ಪಾತ್ರೆಗಳಲ್ಲಿ ಬೀಡಿನದು ಅಲ್ಯೂಮಿನಿಯಂನದಕ್ಕಿಂತ ಮೂರನೇ ಒಂದು ಪಾಲಿನಷ್ಟು ಹೆಚ್ಚು ಶಾಖ ಹಿಡಿದಿಡುತ್ತದೆ. ಬೀಡನ್ನು ದಪ್ಪವಾಗಿಯೇ ಎರೆಯುವುದರಿಂದ ಈ ಅಂತರ ಬಳಕೆಯಲ್ಲಿ ಇನ್ನೂ ದೊಡ್ಡದಾಗುತ್ತದೆ. ತಣ್ಣನೆಯ ಹಿಟ್ಟು ಬಿದ್ದಾಗ ತೆಳು ಪಾತ್ರೆಯ ಶಾಖ ಒಮ್ಮೆಲೇ ಇಳಿಯುತ್ತದೆ, ಬೀಡಿನದು ಅಷ್ಟು ಇಳಿಯುವುದಿಲ್ಲ. ಭಾರವೇ ಇಲ್ಲಿ ಗುಣ. ಭಾರ ಬೇಡ, ಗುಣ ಬೇಕು ಎಂದರೆ ಆಗದು.

ಇದರ ಫಲ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಬ್ರೆಡ್ಡಿನಲ್ಲಿ. ನ್ಯೂಯಾರ್ಕಿನ ಬೇಕರಿಯವರಾದ ಜಿಮ್ ಲೇಹಿ ಅವರ, ನಾದಬೇಕಾದ ಅಗತ್ಯವೇ ಇಲ್ಲದ ಬ್ರೆಡ್ಡಿನ ವಿಧಾನ 2006ರ ನವೆಂಬರಿನಲ್ಲಿ ಪತ್ರಿಕೆಯಲ್ಲಿ ಬಂದ ಮೇಲೆ ಡಚ್ ಓವನ್ ಮನೆಮನೆಯ ಬ್ರೆಡ್ ಭಟ್ಟಿಯಾಯಿತು. ನನ್ನ ಅಕ್ಕನ ಮಗನೂ ಸೇರಿದಂತೆ ಅಲ್ಲಿನ ಎಷ್ಟೋ ಕನ್ನಡದ ಮನೆಗಳಿಗೆ ಈ ಪಾತ್ರೆ ಬಂದದ್ದು ಇದೇ ದಾರಿಯಲ್ಲಿ. ಖಾಲಿ ಪಾತ್ರೆಯನ್ನು ಸುಮಾರು 230 ಡಿಗ್ರಿ ಸೆಲ್ಸಿಯಸ್‌ಗೆ ಅರ್ಧ ಗಂಟೆ ಕಾಯಿಸಿ, ಹುದುಗಿದ ಹಿಟ್ಟನ್ನು ಅದರೊಳಗೆ ಇಳಿಸಿ, ಮುಚ್ಚಿ ಬೇಯಿಸುತ್ತಾರೆ. ಹಿಟ್ಟಿನಿಂದ ಏಳುವ ಹಬೆ ಭಾರದ ಮುಚ್ಚಳದಡಿ ಸಿಕ್ಕಿಕೊಂಡು ಮೇಲ್ಮೈಯನ್ನು ಒದ್ದೆಯಾಗಿಡುತ್ತದೆ, ಬ್ರೆಡ್ ಗಟ್ಟಿಯಾಗುವ ಮುಂಚೆ ಪೂರ್ತಿ ಉಬ್ಬಲು ಸಮಯ ಸಿಗುತ್ತದೆ. ಅರ್ಧ ಗಂಟೆಯ ಮೇಲೆ ಮುಚ್ಚಳ ತೆಗೆದರೆ ಸಿಪ್ಪೆ ಕೆಂಪಗಾಗಿ ಗರಿಯಾಗುತ್ತದೆ. ಹಬೆ ಹಾಯಿಸುವ ದೊಡ್ಡ ಭಟ್ಟಿಗಳಲ್ಲಿ ನಡೆಯುವ ಕೆಲಸ ಒಂದು ಪಾತ್ರೆಯೊಳಗೆ ಮುಗಿಯಿತು.

ಹಾಗಾಗಿ ಸಿದ್ಧಾಂತಕ್ಕೆ ಒಂದು ಗಡಿ ಹಾಕುತ್ತೇನೆ. ಬೇಳೆ ಬೇಯಿಸಲು ಕುಕ್ಕರೇ ಸರಿ, ಹಾಲು ಕಾಯಿಸಲು ಸ್ಟೀಲೇ ಸರಿ. ನಿಧಾನದ ಬೇಯುವಿಕೆ, ಹುರಿಯುವುದು, ಕರಿಯುವುದು, ಸುಡುವುದು, ಈ ನಾಲ್ಕರಲ್ಲಿ ಬೀಡಿಗೆ ಸಮನಿಲ್ಲ.

ಸಂಸ್ಕಾರ

ಒಂದು ವಸ್ತುವನ್ನು ಅದರ ಕೆಲಸಕ್ಕೆ ಯೋಗ್ಯವಾಗಿಸುವ ಕ್ರಿಯೆಯನ್ನು ಮೀಮಾಂಸಕರು ಸಂಸ್ಕಾರ ಎನ್ನುತ್ತಾರೆ. ನಮ್ಮ ಮನೆಮಾತಿನಲ್ಲಿ ಅದು ಪಳಗಿಸುವುದು. ಹೋರಿಯನ್ನು ಪಳಗಿಸುವುದಕ್ಕೂ ಕಾವಲಿಯನ್ನು ಪಳಗಿಸುವುದಕ್ಕೂ ಒಂದೇ ಮಾತು ಬಳಸಿದವರಿಗೆ ಈ ಲೋಹದ ಸ್ವಭಾವ ಗೊತ್ತಿತ್ತು.

ಪಳಗಿದ ಪಾತ್ರೆಯ ಮೇಲಿನ ಕಪ್ಪು ಏನು? ಎಣ್ಣೆ ಕುಡಿದ ಕಬ್ಬಿಣ ಎಂದು ಹಲವರು ತಿಳಿಯುತ್ತಾರೆ. ಎಣ್ಣೆ ಕಬ್ಬಿಣದೊಳಗೆ ಇಂಗುವುದಿಲ್ಲ, ಮೇಲೆ ಇರುತ್ತದೆ. ತೆಳ್ಳಗೆ ಸವರಿದ ಎಣ್ಣೆ 200 ಡಿಗ್ರಿ ದಾಟಿ ಕಾದಾಗ ಗಾಳಿಯ ಆಮ್ಲಜನಕ ಸೇರಿ ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಆಮೇಲೆ ಅದು ಎಣ್ಣೆಯಾಗಿ ಉಳಿಯುವುದಿಲ್ಲ, ಲೋಹಕ್ಕೆ ಕಚ್ಚಿಕೊಂಡ ಗಟ್ಟಿ ಪೊರೆಯಾಗುತ್ತದೆ. ಬಾಗಿಲಿಗೆ ಬಳಿದ ಅಗಸೆ ಎಣ್ಣೆ ಒಣಗಿ ಗಟ್ಟಿಯಾಗುವುದೂ ಇದೇ ಕ್ರಿಯೆ, ನಿಧಾನವಾಗಿ.

ಇದರಿಂದ ಎಣ್ಣೆಯ ಪ್ರಶ್ನೆಗೂ ಉತ್ತರ ಸಿಗುತ್ತದೆ. ಎಣ್ಣೆ ಎಷ್ಟು ಸುಲಭವಾಗಿ ಹೀಗೆ ಹೆಣೆದುಕೊಳ್ಳುತ್ತದೆ ಎಂಬುದನ್ನು ಅದರ ಅಯೋಡಿನ್ ಮೌಲ್ಯ ಸೂಚಿಸುತ್ತದೆ. ಅಗಸೆ ಎಣ್ಣೆಯದು 170ರ ಮೇಲೆ, ಸೂರ್ಯಕಾಂತಿಯದು 120ರಿಂದ 140, ಎಳ್ಳೆಣ್ಣೆಯದು 110ರ ಆಸುಪಾಸು, ಶೇಂಗಾ ಎಣ್ಣೆಯದು 85ರಿಂದ 105, ಕೊಬ್ಬರಿ ಎಣ್ಣೆಯದು ಬರೀ 10ರ ಆಸುಪಾಸು.

ಇಲ್ಲಿ ಎರಡು ಕಡೆಯಿಂದ ಆಕ್ಷೇಪ ಬರುತ್ತದೆ. ಹಾಗಿದ್ದರೆ ಅಗಸೆ ಎಣ್ಣೆಯೇ ಅತ್ಯುತ್ತಮವಲ್ಲವೆ ಎಂಬುದು ಒಂದು. ಲೆಕ್ಕದಲ್ಲಿ ಹೌದು, ಒಲೆಯ ಮೇಲೆ ಅಲ್ಲ. ಅದರ ಪೊರೆ ಗಾಜಿನಂತೆ ಗಡಸು; ನೋಡಲು ಚೆಂದ, ಆದರೆ ಬೀಡು ಕಾದು ಹಿಗ್ಗಿ ತಣಿದು ಕುಗ್ಗುವಾಗ ಚಕ್ಕೆಯಾಗಿ ಏಳುವ ಸಂಭವ ಹೆಚ್ಚು. ಸೂರ್ಯಕಾಂತಿಯೋ ಎಳ್ಳೋ ಶೇಂಗವೋ ಕೊಡುವ ಪೊರೆ ತಡವಾಗಿ ಬರುತ್ತದೆ, ಬಾಳಿಕೆ ಬರುತ್ತದೆ. ಎರಡನೆಯದು ಕರಾವಳಿಯವರ ಆಕ್ಷೇಪ: ನಮ್ಮ ಅಜ್ಜಿಯರು ತೆಂಗಿನೆಣ್ಣೆ ಬಿಟ್ಟು ಬೇರೆ ಮುಟ್ಟಿದವರಲ್ಲ, ಅವರ ಕಾವಲಿಯಲ್ಲಿ ನೀರುದೋಸೆ ಎದ್ದು ಬರುತ್ತಿರಲಿಲ್ಲವೆ? ಬರುತ್ತಿತ್ತು. ತೆಂಗಿನೆಣ್ಣೆ ಅಷ್ಟಾಗಿ ಹೆಣೆದುಕೊಳ್ಳದಿದ್ದರೂ ದಿನವೂ ಕಾದು ದಿನವೂ ಸವರಿಸಿಕೊಂಡ ಕಾವಲಿಯಲ್ಲಿ ಇಪ್ಪತ್ತು ವರ್ಷದ ಬಳಕೆ ಆ ಕೊರತೆಯನ್ನು ತುಂಬಿತು. ಇಂದು ಹೊಸ ಪಾತ್ರೆ ತಂದು ಒಂದು ವಾರದಲ್ಲಿ ಪಳಗಿಸಬೇಕೆನ್ನುವವರು ತೆಂಗಿನೆಣ್ಣೆಯನ್ನು ಅಡುಗೆಗೆ ಇಟ್ಟುಕೊಂಡು ಪಳಗಿಸಲು ಬೇರೆಯದನ್ನು ಹಿಡಿಯುವುದು ಒಳ್ಳೆಯದು.

ವಿಧಾನದಲ್ಲಿ ತಪ್ಪುವುದು ಒಂದೇ ಕಡೆ, ಎಣ್ಣೆಯ ಪ್ರಮಾಣದಲ್ಲಿ. ನಾನೂ ಅಲ್ಲೇ ತಪ್ಪಿದ್ದೆ. ಪಾತ್ರೆ ಬಂದ ಹೊಸದರಲ್ಲಿ, ಹೆಚ್ಚು ಹಾಕಿದಷ್ಟು ಹೆಚ್ಚು ಪಳಗುತ್ತದೆಂದು ತಳ ಮಿನುಗುವಷ್ಟು ಎಣ್ಣೆ ಸವರಿ ಓವನ್ನಿನಲ್ಲಿಟ್ಟೆ. ಬೆಳಿಗ್ಗೆ ತೆಗೆದು ನೋಡಿದರೆ ಒಳಗೋಡೆಯ ಮೇಲೆ ಕಂದು ಬಣ್ಣದ ಹನಿಗಳು ಬೆಲ್ಲದ ಪಾಕದಂತೆ ಜಿಗುಟಾಗಿ ನಿಂತಿದ್ದವು. ಬೆರಳು ಇಟ್ಟರೆ ಅಂಟುತ್ತಿತ್ತು. ದಪ್ಪ ಪದರದ ಮೇಲ್ಭಾಗ ಮಾತ್ರ ಒಣಗಿ ಒಳಗಿನದು ಹಸಿಯಾಗಿಯೇ ಉಳಿದಿತ್ತು. ಅದನ್ನು ಮತ್ತೆರಡು ಗಂಟೆ ಕಾಯಿಸಿ, ಉಳಿದದ್ದನ್ನು ಸ್ಟೀಲ್ ಸ್ಕ್ರಬ್ಬರಿನಿಂದ ತಿಕ್ಕಿ ತೆಗೆದು, ಮೊದಲಿಂದ ಶುರು ಮಾಡಬೇಕಾಯಿತು.

ಸರಿಯಾದ ಕ್ರಮ ಹೀಗೆ. ಪಾತ್ರೆಯನ್ನು ತೊಳೆದು ಸಣ್ಣ ಉರಿಯ ಮೇಲಿಟ್ಟು ಕೊನೆಯ ತೇವವೂ ಆರುವವರೆಗೆ ಒಣಗಿಸಿ. ಬೆಚ್ಚಗಿರುವಾಗಲೇ ಒಂದು ಚಮಚದಷ್ಟು ಎಣ್ಣೆಯನ್ನು ಹಳೆಯ ಹತ್ತಿಬಟ್ಟೆಯಲ್ಲಿ ಒಳಗೆ, ಹೊರಗೆ, ಮುಚ್ಚಳಕ್ಕೆ, ಹಿಡಿಗೆ, ಕಾಲಿಗೆ ಉಜ್ಜಿ. ಆಮೇಲೆ ಬೇರೊಂದು ಒಣಬಟ್ಟೆ ತೆಗೆದುಕೊಂಡು, ಎಣ್ಣೆ ಗೊತ್ತಿಲ್ಲದೆ ತಾಗಿಬಿಟ್ಟಿತೆಂದು ಒರೆಸಿ ತೆಗೆಯುವವರಂತೆ ಪೂರ್ತಿ ಒರೆಸಿ. ಬಟ್ಟೆಗೆ ಸಿಗದೆ ಉಳಿದಷ್ಟೇ ಎಣ್ಣೆ ಬೇಕಾದದ್ದು. ಪಾತ್ರೆಯನ್ನು ಓವನ್ನಿನಲ್ಲಿ ಬೋರಲು ಹಾಕಿ 230ರಿಂದ 250 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಅಲ್ಲೇ ತಣಿಯಲು ಬಿಡಿ. ಇದನ್ನು ಮೂರು ನಾಲ್ಕು ಸಲ ಮಾಡಬೇಕು. ಓವನ್ ಇಲ್ಲದವರು ಕಿಟಕಿ ತೆಗೆದಿಟ್ಟು ಗ್ಯಾಸ್ ಒಲೆಯ ಮೇಲೇ ಮಾಡಬಹುದು: ಹೊಗೆ ಬಂದು, ಆ ಹೊಗೆ ನಿಂತು, ಹೊಳಪು ಹೋಗಿ ಮಾಸಲು ಕಪ್ಪು ಬಂದರೆ ಒಂದು ಪದರ ಕೂತಿದೆ. ಮೊದಲ ಕೆಲವು ವಾರ ಕರಿಯುವುದು, ಹುರಿಯುವುದು, ಒಗ್ಗರಣೆ ಇಂಥವನ್ನೇ ಮಾಡಿದರೆ ಉಳಿದ ಪದರಗಳು ತಾವೇ ಕೂಡುತ್ತವೆ. ಅರ್ಧ ಈರುಳ್ಳಿಯನ್ನೋ ಬದನೆಯ ತೊಟ್ಟನ್ನೋ ಎಣ್ಣೆಗದ್ದಿ ಕಾವಲಿಗೆ ಉಜ್ಜುವ ನಮ್ಮ ರೂಢಿಯ ದೃಷ್ಟಾರ್ಥವೂ ಇದೇ: ಎಣ್ಣೆಯನ್ನು ಚಮಚದಿಂದ ಸುರಿಯದೆ ತೆಳ್ಳಗೆ ಹರಡುವುದು.

ಇನ್ನೊಂದು ಸಂದೇಹ ಆರೋಗ್ಯದ ಕಾಳಜಿಯುಳ್ಳವರದು. ತಿಂಗಳುಗಟ್ಟಲೆ ಹಳೆಯ ಎಣ್ಣೆಯ ಮೇಲೆ ಅಡುಗೆ ಮಾಡಿದಂತಲ್ಲವೆ, ಅದು ಕಮಟುವುದಿಲ್ಲವೆ? ಹೆಣೆದು ಗಟ್ಟಿಯಾದ ಪೊರೆ ಕಮಟುವುದಿಲ್ಲ, ಏಕೆಂದರೆ ಅದು ಎಣ್ಣೆಯಲ್ಲ. ತೊಳೆದ ಮೇಲೆ ‘ರಕ್ಷಣೆಗೆ’ ಎಂದು ದಪ್ಪಗೆ ಸವರಿ ಒಳಗಿಟ್ಟ ಹಸಿ ಎಣ್ಣೆ ಖಂಡಿತ ಕಮಟುತ್ತದೆ. ಎಣ್ಣೆ ಸವರಿಡಿ ಎಂಬ ನಿಯಮ ಸರಿ, ಸವರಿದ್ದನ್ನು ಒರೆಸಿಡಿ ಎಂಬುದನ್ನೂ ಅದಕ್ಕೆ ಸೇರಿಸಿಕೊಳ್ಳಬೇಕು.

ಸೋಪಿನ ವಿಚಾರ

ಪೂರ್ವಪಕ್ಷ, ಅಂದರೆ ಎದುರಿನ ವಾದ, ಗಟ್ಟಿಯಾದದ್ದು. ಸೋಪು ಜಿಡ್ಡು ತೆಗೆಯುತ್ತದೆ. ಪಾತ್ರೆಯ ಮೇಲಿನ ಕಪ್ಪು ಜಿಡ್ಡಿನಿಂದಲೇ ಆದದ್ದು. ಆದ್ದರಿಂದ ಸೋಪು ಕಪ್ಪನ್ನು ತೆಗೆಯುತ್ತದೆ. ಅಮೆರಿಕದ ಅಜ್ಜಿಯರೂ ನಮ್ಮ ಅಜ್ಜಿಯರೂ ಒಂದೇ ಬಾಯಲ್ಲಿ ಬೇಡ ಎಂದಿದ್ದಾರೆ. ಅನುಭವವೂ ಹಾಗೇ ಹೇಳುತ್ತದೆ, ಸೋಪು ಹಚ್ಚಿ ತೊಳೆದಾಗ ಕಪ್ಪು ನೀರು ಬರುವುದನ್ನು ಎಲ್ಲರೂ ನೋಡಿದ್ದಾರೆ.

ಅಜ್ಜಿಯರ ಮಾತು ಸುಳ್ಳಲ್ಲ. ಅವರ ಕಾಲದ ಅಮೆರಿಕದಲ್ಲಿ ಮನೆಯಲ್ಲೇ ಸೋಪು ಕಾಯಿಸುತ್ತಿದ್ದರು, ಕಟ್ಟಿಗೆ ಬೂದಿಯ ಕ್ಷಾರ ಮತ್ತು ಕೊಬ್ಬಿನಿಂದ. ಅಳತೆ ತಪ್ಪಿ ಉಳಿದುಬಿಡುತ್ತಿದ್ದ ತೀಕ್ಷ್ಣ ಕ್ಷಾರ ಪಳಗಿಸಿದ ಪೊರೆಯನ್ನು ನಿಜವಾಗಿಯೂ ಕರಗಿಸುತ್ತಿತ್ತು. ಇಂದಿಗೂ ಬೀಡಿನ ಪಾತ್ರೆಯ ಹಳೆಯ ಪೊರೆ ಪೂರ್ತಿ ಕಳಚಬೇಕೆನ್ನುವವರು ಕಾಸ್ಟಿಕ್ ಸೋಡಾ ಬೆರೆಸಿದ ನೀರಿನಲ್ಲಿ ಅದನ್ನು ಮುಳುಗಿಸಿಡುತ್ತಾರೆ. ನಮ್ಮ ಮನೆಯಲ್ಲಿ ಪಾತ್ರೆಗೆ ಒಲೆಯ ಬೂದಿ ಬಳಸುತ್ತಿದ್ದರು, ಅದೂ ಕ್ಷಾರವೇ. ಹಿತ್ತಾಳೆ ಕೊಡಪಾನಕ್ಕೆ ಹುಣಸೆ, ತಪ್ಪಲೆಗೆ ಬೂದಿ, ಕಾವಲಿಗೆ ಮಾತ್ರ ಒಂದು ಹಿಡಿ ತೆಂಗಿನ ನಾರು ಮತ್ತು ಬಿಸಿನೀರು. ಅಮ್ಮ ಕಾವಲಿಯನ್ನು ಬೂದಿಯ ರಾಶಿಯ ಹತ್ತಿರವೂ ಇಡಲು ಬಿಡುತ್ತಿರಲಿಲ್ಲ. ಕಾರಣ ಹೇಳುತ್ತಿರಲಿಲ್ಲ, ಆದರೆ ಕಾರಣ ಇತ್ತು.

ಈಗ ಚಿನ್ನದ ಕಾಳಿನ ಮಾತು ನೆನಪಿಸಿಕೊಳ್ಳಿ. ಇಂದಿನ ಪಾತ್ರೆ ತೊಳೆಯುವ ಲಿಕ್ವಿಡ್ಡಿನಲ್ಲಿ ಆ ತೀಕ್ಷ್ಣ ಕ್ಷಾರವಿಲ್ಲ. ಅದು ಹಸಿ ಜಿಡ್ಡನ್ನು ನೀರಿಗೆ ಎಬ್ಬಿಸುತ್ತದೆ, ಹೆಣೆದುಕೊಂಡ ಪೊರೆಯನ್ನು ಕದಲಿಸಲಾರದು. ಹೊಟ್ಟಿಲ್ಲದ ಕಾಳನ್ನು ಕುಟ್ಟುವುದು ಹೇಗೆ ಬಿದ್ದುಹೋಯಿತೋ ಹಾಗೆ ಕ್ಷಾರವಿಲ್ಲದ ಸೋಪಿನ ನಿಷೇಧವೂ ಬಿದ್ದುಹೋಗುತ್ತದೆ. ತೊಳೆಯುವಾಗ ಬಂದ ಕಪ್ಪು ನೀರು ಮಸಿ, ಸೀದ ಚೂರು ಮತ್ತು ಸರಿಯಾಗಿ ಗಟ್ಟಿಯಾಗದ ಎಣ್ಣೆಯದು. ಅದು ಹೋದದ್ದೇ ಲಾಭ. ಮೀನು ಕರಿದ ಪಾತ್ರೆಯನ್ನು ಬರೀ ಒರೆಸಿಟ್ಟು ಮರುದಿನ ಅದರಲ್ಲೇ ಸಿಹಿ ಮಾಡಿದರೆ ಆಗುವುದು ರುಚಿಗೆ ನಷ್ಟ. ಅಂಥದಕ್ಕೆ ಧೈರ್ಯವಾಗಿ ನಾಲ್ಕು ಹನಿ ಸೋಪು ಹಾಕಿ.

ಇದರಿಂದ ಎಲ್ಲ ತೊಳೆತವೂ ಸರಿ ಎಂದಾಗುವುದಿಲ್ಲ. ಡಿಶ್‌ವಾಶರಿನ ಪುಡಿ ಇಂದಿಗೂ ಕ್ಷಾರೀಯ, ಅದರೊಳಗೆ ಪಾತ್ರೆ ಗಂಟೆಗಟ್ಟಲೆ ಬಿಸಿನೀರಿನಲ್ಲಿ ನೆನೆಯುತ್ತದೆ. ಅಲ್ಲಿ ಕಾರಣ ಜೀವಂತವಾಗಿದೆ, ನಿಷೇಧವೂ ಪೂರ್ತಿ ನಿಲ್ಲುತ್ತದೆ. ರಾತ್ರಿಯಿಡೀ ಸಿಂಕಿನಲ್ಲಿ ನೆನೆಹಾಕುವುದು ಸೋಪಿಗಿಂತ ಎಷ್ಟೋ ಪಟ್ಟು ಕೆಟ್ಟದ್ದು. ಪೊರೆಯಲ್ಲಿ ಸೂಜಿಮೊನೆಯಷ್ಟು ಬಿರುಕಿದ್ದರೂ ನೀರು ಅಲ್ಲಿಂದ ಲೋಹ ಮುಟ್ಟಿ ತುಕ್ಕು ಹಿಡಿಸುತ್ತದೆ. ತಳ ಹಿಡಿದಿದ್ದರೆ ಸ್ವಲ್ಪ ನೀರು ಹಾಕಿ ಐದು ನಿಮಿಷ ಕುದಿಸಿ, ಮರದ ಸವುಟಿನಿಂದ ಕೆರೆದು, ತೊಳೆದು, ಒಲೆಯ ಮೇಲೆ ಒಣಗಿಸಿ. ಬಟ್ಟೆಯಲ್ಲಿ ಒರೆಸಿದ್ದು ಒಣಗಿದ್ದಲ್ಲ. ಒಲೆಯ ಮೇಲೆ ಎರಡು ನಿಮಿಷ ಇಡಲೇಬೇಕು. ಮಲೆನಾಡು ಕರಾವಳಿಗಳಲ್ಲಿ ಜೂನ್ ಹುಟ್ಟಿದ ಮೇಲೆ ಗಾಳಿಯಲ್ಲೇ ನೀರಿರುತ್ತದೆ. ಪಾತ್ರೆಗೂ ಮುಚ್ಚಳಕ್ಕೂ ನಡುವೆ ಮಡಚಿದ ಕಾಗದವಿಟ್ಟು ಗಾಳಿಯಾಡಲು ಬಿಡದಿದ್ದರೆ ಒಳಗೆ ಕಿತ್ತಳೆ ಬಣ್ಣದ ಚುಕ್ಕೆ ಏಳುತ್ತದೆ.

ಹುಳಿಯ ವಿಚಾರ

ಹುಣಸೆ, ಟೊಮೆಟೊ, ಮಜ್ಜಿಗೆ, ಯಾವ ಆಮ್ಲವಾದರೂ ಪೊರೆಯನ್ನು ಸಡಿಲಿಸಿ ಕಬ್ಬಿಣವನ್ನು ಕರಗಿಸುತ್ತದೆ. ಇದನ್ನು ಅಳೆದು ನೋಡಿದ್ದಾರೆ. ಅಮೆರಿಕದಲ್ಲಿ 1986ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 100 ಗ್ರಾಂ ಸೇಬಿನ ಸಾಸ್‌ನಲ್ಲಿ 0.35 ಮಿ.ಗ್ರಾಂ ಇದ್ದ ಕಬ್ಬಿಣದ ಅಂಶ ಬೀಡಿನ ಪಾತ್ರೆಯಲ್ಲಿ ಬೇಯಿಸಿದಾಗ 7.38 ಮಿ.ಗ್ರಾಂ ಆಯಿತು. ಸ್ಪಾಗೆಟಿಗೆ ಹಾಕುವ ಸಾಸ್‌ನಲ್ಲಿ 0.61 ಇದ್ದದ್ದು 5.77ಕ್ಕೆ ಏರಿತು.

ಆಗ ಒಂದು ಆಕ್ಷೇಪ ತಿರುಗಿ ಬರುತ್ತದೆ. ರಕ್ತಹೀನತೆ ಇಷ್ಟೊಂದಿರುವ ನಾಡಿನಲ್ಲಿ ಕಬ್ಬಿಣ ಸೇರುವುದು ವರವಲ್ಲವೆ? ಇಥಿಯೋಪಿಯದಲ್ಲಿ ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದ್ದನ್ನು ತಿಂದ ಮಕ್ಕಳ ಹಿಮೋಗ್ಲೋಬಿನ್ ಅಲ್ಯೂಮಿನಿಯಂ ಪಾತ್ರೆಯ ಮಕ್ಕಳಿಗಿಂತ ಹೆಚ್ಚು ಏರಿತೆಂದು 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಯಾಗಿದೆ. ಹಾಗಾದರೆ ಬೇಕೆಂದೇ ಹುಳಿಸಾರು ಅದರಲ್ಲಿ ಕುದಿಸಬಾರದೇಕೆ?

ಲಾಭವಿದೆ ಎಂಬುದನ್ನು ಒಪ್ಪುತ್ತೇನೆ. ಔಷಧಿ ಎಂಬುದನ್ನು ಒಪ್ಪುವುದಿಲ್ಲ. ಎಷ್ಟು ಕಬ್ಬಿಣ ಇಳಿಯಿತು, ಅದರಲ್ಲಿ ದೇಹ ಎಷ್ಟು ಹೀರಿತು ಎಂಬುದು ಅಡುಗೆಯಿಂದ ಅಡುಗೆಗೆ ಬದಲಾಗುತ್ತದೆ. ಕಬ್ಬಿಣ ದೇಹದಲ್ಲಿ ಶೇಖರವಾಗುವ ಕಾಯಿಲೆ ಇರುವವರಿಗೆ ಇದು ಹಾನಿ. ರಕ್ತಹೀನತೆಗೆ ವೈದ್ಯರನ್ನು ನೋಡಬೇಕು. ರುಚಿಯ ಮಾತೂ ಇದೆ: ಹುಣಸೆಯ ಸಾರು ಬೀಡಿನಲ್ಲಿ ಒಂದು ಗಂಟೆ ಕುದಿದರೆ ನಾಲಗೆಗೆ ಕಬ್ಬಿಣದ ಕಹಿ ಹತ್ತುತ್ತದೆ, ಬಣ್ಣ ಕಪ್ಪಿಡುತ್ತದೆ. ಹುಳಿಯಿಲ್ಲದ ಬಾಳೆಕಾಯಿ, ಬಾಳೆಹೂವು ಕೂಡ ಇದರಲ್ಲಿ ಕಪ್ಪಾಗುತ್ತವೆ. ಅವುಗಳ ಒಗರು ಕಬ್ಬಿಣದೊಡನೆ ಸೇರಿ ಹಿಂದಿನವರು ಬರೆಯುತ್ತಿದ್ದ ಮಸಿಯಂಥದೇ ಬಣ್ಣ ಕೊಡುತ್ತದೆ.

ನನ್ನ ನಿರ್ಣಯ ಕಾಲದ ಮೇಲೆ ನಿಂತಿದೆ. ಚೆನ್ನಾಗಿ ಪಳಗಿದ ಪಾತ್ರೆಯಲ್ಲಿ ಪಲ್ಯಕ್ಕೆ ಎರಡು ಟೊಮೆಟೊ ಹಾಕಿ ಹತ್ತು ನಿಮಿಷ ಬಾಡಿಸಿದರೆ ತೊಂದರೆಯಿಲ್ಲ. ಹುಳಿ, ಸಾರು, ಗೊಜ್ಜು, ಬಿಸಿಬೇಳೆಬಾತು ಬೇಡ. ಮಾಡಿದ ಅಡುಗೆಯನ್ನು ರಾತ್ರಿಯಿಡೀ ಅದರಲ್ಲೇ ಬಿಡುವುದು ಯಾವ ಕಾರಣಕ್ಕೂ ಬೇಡ. ಹುಳಿ ಮಾಡಲೇಬೇಕೆನ್ನುವವರಿಗೆ ಎನಾಮೆಲ್ಲಿನ ಪಾತ್ರೆ ಇದೆ. ಎನಾಮೆಲ್ ಎಂದರೆ ಲೋಹದ ಮೇಲೆ ಕರಗಿಸಿ ಕೂರಿಸಿದ ಗಾಜು. ಅದಕ್ಕೆ ಹುಳಿಯ ಭಯವಿಲ್ಲ, ಪಳಗಿಸುವ ಕೆಲಸವಿಲ್ಲ. ಗಾಜಿಗೆ ತಕ್ಕ ಎಚ್ಚರ ಮಾತ್ರ ಬೇಕು: ಖಾಲಿಯಾಗಿ ದೊಡ್ಡ ಉರಿಯಲ್ಲಿ ಕಾಯಿಸಬಾರದು, ಸ್ಟೀಲ್ ಸ್ಕ್ರಬ್ಬರ್ ಮುಟ್ಟಿಸಬಾರದು.

ಕೆಂಡದ ಲೆಕ್ಕ

ಕಾಲಿರುವ ಡಚ್ ಓವನ್ ಬಯಲಿನಲ್ಲಿ ಓವನ್ನಾಗುವುದು ಮುಚ್ಚಳದ ಮೇಲಿನ ಕೆಂಡದಿಂದ. 12 ಇಂಚಿನ ಪಾತ್ರೆಗೆ 24 ಇದ್ದಿಲ ಉಂಡೆ, ಅದರಲ್ಲಿ 16 ಮೇಲೆ, 8 ಕೆಳಗೆ. ಒಳಗೆ ಸುಮಾರು 175 ಡಿಗ್ರಿ ಬರುತ್ತದೆ. ಉರಿ ಮೇಲಕ್ಕೇರುವಾಗ ಕೆಳಗೇ ಹೆಚ್ಚು ಕೆಂಡ ಇರಬೇಕಲ್ಲವೆ ಎಂದು ಕೇಳಬಹುದು. ಕೆಳಗೆ ಹಿಟ್ಟು ಕಾದ ಲೋಹವನ್ನು ನೇರ ಮುಟ್ಟಿಕೊಂಡಿರುತ್ತದೆ, ಸ್ವಲ್ಪ ಕೆಂಡವೇ ಸೀಯಿಸಲು ಸಾಕು. ಮೇಲೆ ಶಾಖ ಮುಚ್ಚಳದಿಂದ ಖಾಲಿ ಜಾಗ ದಾಟಿ ಬರಬೇಕು. ಅದಕ್ಕೇ ಮೇಲೆ ಎರಡು ಪಾಲು. ನೀರು ಹೆಚ್ಚಿರುವ ಅಡುಗೆಗೆ ಈ ಲೆಕ್ಕ ತಿರುಗುತ್ತದೆ, ಕರಿಯುವುದಕ್ಕೆ ಎಲ್ಲ ಕೆಂಡವೂ ಕೆಳಗೆ. ಬಿರಿಯಾನಿಯ ದಮ್ಮಿಗೆ ಮುಚ್ಚಳದ ಮೇಲೆ ಕೆಂಡ ಹೇರುವವರಿಗೆ ಇದು ಹೊಸ ವಿದ್ಯೆಯಲ್ಲ. ನಮ್ಮ ಇದ್ದಿಲು ಉಂಡೆಯಾಗಿರದೆ ಚೂರುಚೂರಾಗಿರುವುದರಿಂದ ಎಣಿಕೆ ಬಿಟ್ಟು ಎರಡಕ್ಕೊಂದು ಎಂಬ ಪ್ರಮಾಣ ಹಿಡಿದರೆ ಸಾಕು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಪಾತ್ರೆಯನ್ನು ಒಂದು ಕಡೆಗೂ ಮುಚ್ಚಳವನ್ನು ಎದುರು ಕಡೆಗೂ ಕಾಲುಸುತ್ತು ತಿರುಗಿಸಿ; ಬೀಡು ಶಾಖವನ್ನು ಬೇಗ ಹರಡಲಾರದೆಂದು ಆಗಲೇ ಒಪ್ಪಿದ್ದೇವೆ. ಮುಚ್ಚಳ ಎತ್ತುವಾಗ ಓರೆ ಮಾಡಿದರೆ ಬೂದಿ ಅಡುಗೆಗೆ ಬೀಳುತ್ತದೆ.

ತುಕ್ಕು ಹಿಡಿದದ್ದು ಸತ್ತಿತೆ

ಕೊನೆಯ ಸಂಶಯ ಇದು, ಹೆಚ್ಚು ಪಾತ್ರೆಗಳು ಕಳೆದುಹೋಗುವುದೂ ಇದರಿಂದಲೇ. ತುಕ್ಕು ಹಿಡಿದ ಬೀಡು ಹಾಳಾಯಿತು ಎಂಬ ತಿಳಿವಳಿಕೆ. ತುಕ್ಕು ಹೆಚ್ಚಿನ ಸಲ ಮೇಲ್ಮೈಯದು. ಸಮಪಾಲು ನೀರು ಮತ್ತು ವಿನೆಗರ್ ಬೆರೆಸಿ ಅದರಲ್ಲಿಟ್ಟು ಅರ್ಧ ಗಂಟೆಗೊಮ್ಮೆ ತೆಗೆದು ತಿಕ್ಕಿದರೆ ಬೂದುಬಣ್ಣದ ಲೋಹ ಕಾಣಿಸುತ್ತದೆ. ರಾತ್ರಿಯಿಡೀ ಬಿಡಬಾರದು, ತುಕ್ಕು ಮುಗಿದ ಮೇಲೆ ವಿನೆಗರ್ ಲೋಹವನ್ನೇ ತಿನ್ನತೊಡಗುತ್ತದೆ. ತೊಳೆದು ಒಣಗಿಸಿ ಮೇಲೆ ಹೇಳಿದಂತೆ ಪಳಗಿಸಿದರೆ ಪಾತ್ರೆ ಮೊದಲಿನಂತಾಗುತ್ತದೆ. ಬೆಂಕಿಯ ಮಧ್ಯಕ್ಕೆ ಎಸೆದು ಸುಡುವ ಉಪಾಯ ಬೇಡ, ಲೋಹ ಸೊಟ್ಟಗಾಗುತ್ತದೆ, ಬಿರಿಯಲೂಬಹುದು.

ಮರಳಿ ಬಾರದ್ದು ಎರಡೇ. ಒಂದು, ಬಿರುಕು ಬಿಟ್ಟದ್ದು. ಇನ್ನೊಂದು, ಸೀಸ ಕರಗಿಸಲು ಬಳಸಿದ್ದು. ಹಳೆಯ ಬೀಡಿನ ಪಾತ್ರೆಗಳನ್ನು ಆ ಕೆಲಸಕ್ಕೂ ಬಳಸಿದವರಿದ್ದಾರೆ, ಹಾಗಾಗಿ ಹಿನ್ನೆಲೆ ಗೊತ್ತಿಲ್ಲದ ಪಾತ್ರೆಯನ್ನು ಅಡುಗೆಗೆ ಹಿಡಿಯಬೇಡಿ.

ಅಕ್ಕನ ಮಗ ಮನೆ ಹಿಡಿದು ಡಚ್ ಓವನ್ ಒಯ್ದ. ಅದಾದ ವಾರಕ್ಕೆ ನಮ್ಮ ಅಟ್ಟದ ಮೂಲೆಯಲ್ಲಿ ಅಜ್ಜಿಯ ಕಾಲದ ಇನ್ನೊಂದು ಕಾವಲಿ ಸಿಕ್ಕಿತು, ಎರಡೂ ಬದಿ ಕೆಂಪಗೆ ತುಕ್ಕು. ಅಮ್ಮ ಅದನ್ನು ಎಡಗೈಯಲ್ಲಿ ತೂಗಿ ಹಿಡಿದು ಬಲಗೈ ಗಿಣ್ಣಿನಿಂದ ತಟ್ಟಿದಳು. ಗಂಟೆಯಂತೆ ಉದ್ದಕ್ಕೆ ಠಣ್ ಎಂದಿತು. “ಬಿರುಕಿಲ್ಲ, ತಿಕ್ಕು” ಅಂದಳು. ನಾಲ್ಕನೆಯ ದಿನ ಅದರಲ್ಲಿ ದೋಸೆ ಎದ್ದಿತು. ನಿಮ್ಮ ಅಟ್ಟದ ಮೇಲೂ ಅಂಥದೊಂದು ಇದ್ದರೆ, ಗುಜರಿಯವನಿಗೆ ಕೊಡುವ ಮುಂಚೆ ಒಮ್ಮೆ ತಟ್ಟಿ ನೋಡಿ.